ಕೈ ಬದಲಾದ ಹಾಡು

"ನಿಲ್ಸು ಲೋಗೇಶ್. ಸ್ವಲ್ಪ ಹಿಂದಕ್ಕೆ ಹೋಗು."

ಮುತ್ತುಸೆಲ್ವಿ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು.

ಸೌಂಡ್ ಎಂಜಿನಿಯರ್ ಲೋಗೇಶ್ ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದ. ಬುಧವಾರ ಸಂಜೆ ತೇನಿಯ ಮೈದಾನದಲ್ಲಿ ನಡೆದ ಕಛೇರಿಯ ಧ್ವನಿಮುದ್ರಣ ಮತ್ತೆ ಓಡತೊಡಗಿತು. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ. ಉಳಿದಿದ್ದು ಎರಡೇ ದನಿ. ಒಂದು ಗಾಯಕನದು, ಇನ್ನೊಂದು ಕೀಬೋರ್ಡಿನದು.

ಆ ಸಂಜೆ 'ಯೆಲ್ಲೋ ಲಾರಿ' ರಾಕ್ ಬ್ಯಾಂಡಿನ ಕೀಬೋರ್ಡ್ ವಾದಕ ತಂಗರಾಜ್ ಹಾಡಿನ ನಡುವೆಯೇ ಮಾಯವಾಗಿದ್ದ. ಹಾಡು ಮಾತ್ರ ನಿಂತಿರಲಿಲ್ಲ.

ಹಾಡು ಮುಗಿದು ದೀಪ ಹೊತ್ತಿದಾಗ ಸ್ಟೂಲು ಖಾಲಿ. ಅದರ ಕೆಳಗೆ ಅವನ ಚಪ್ಪಲಿ. ಪೆಡಲ್ ಒತ್ತಲು ಅನುಕೂಲವೆಂದು ಅವನು ಯಾವಾಗಲೂ ಬರಿಗಾಲಲ್ಲೇ ನುಡಿಸುತ್ತಿದ್ದ. ಬರಿಗಾಲಲ್ಲೇ ಹೋಗಿದ್ದಾನೆ. ಮೈದಾನ ತುಂಬ ಜನವಿದ್ದರೂ ಒಬ್ಬನೂ ನೋಡಿಲ್ಲ.

ನೋಡುವುದಾದರೂ ಹೇಗೆ? ತಂಗರಾಜ್ ಬ್ಯಾಂಡಿನ ಸದಸ್ಯನಲ್ಲ. ಊರೂರು ತಿರುಗುವಾಗ ಜೊತೆಗೆ ಬಂದು ನುಡಿಸುವವನು, ಟೂರಿಂಗ್ ಪ್ಲೇಯರ್. ಪೋಸ್ಟರಿನಲ್ಲಿ ಅವನ ಮುಖವಿಲ್ಲ. ವೇದಿಕೆಯ ಒಂದು ಮೂಲೆಯಲ್ಲಿ, ಸ್ಪೀಕರ್ ಪೆಟ್ಟಿಗೆಗಳ ಹಿಂದಿನ ಅರೆಗತ್ತಲಲ್ಲಿ ಅವನ ಜಾಗ. ಮೂವತ್ತು ವರ್ಷ ಅಲ್ಲೇ ಕೂತಿದ್ದ.

"ಅಕ್ಕಾ, ನಂಗೆ ಒಂದೇ ಮಾದ್ರಿ ತಾನೇ ಕೇಳ್ತದೆ?" ಎಂದ ಲೋಗೇಶ್. ಮನೆಯ ಕನ್ನಡ ಅವನಿಗೆ ಪೂರ್ತಿ ಅರ್ಥವಾಗುತ್ತಿತ್ತು. ಮಾತಾಡುವಾಗ ಮಾತ್ರ ತಡವರಿಸಿ ತಮಿಳಿಗೆ ಜಾರುತ್ತಿದ್ದ. "ಇದ್ರಲ್ಲಿ ಎನ್ನ ಇರುಕ್ಕು, ಏನಿದೆ?"

"ಇದೆ. ಇಬ್ರನ್ನೂ ಪಕ್ಕಪಕ್ಕ ಇಟ್ಟು ಕೇಳಿದ್ರೆ ಇದೆ."

ದಿಂಡಿಗಲ್ಲಿನ ಆ ಕಲ್ಯಾಣ ಮಂಟಪ ಬೆಳಗಿನ ಹೊತ್ತಿಗೇ ಬಿಸಿಲಿಗೆ ಕಾದಿತ್ತು. ಕಿಟಕಿಯಾಚೆ ಬಂಡೆಯ ಬೆಟ್ಟ, ಅದರ ನೆತ್ತಿಯ ಮೇಲೆ ಕೋಟೆ. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಈಗ ಡ್ರಮ್ಸ್, ಕೇಬಲ್ಲು, ಆಂಪ್ಲಿಫೈಯರ್. ಸಂಜೆ ಇದೇ ಊರಿನಲ್ಲಿ ಪ್ರವಾಸದ ಎರಡನೆಯ ಕಛೇರಿ. ಯೆಲ್ಲೋ ಲಾರಿ ಮತ್ತು 'ಗ್ರಾನೈಟ್ ಹಿಲ್', ತಲೆ ನರೆತ ಎರಡು ಬ್ಯಾಂಡುಗಳು ಮೊದಲ ಸಲ ಒಂದೇ ವೇದಿಕೆ ಹಂಚಿಕೊಂಡ ಪ್ರವಾಸ ಇದು.

ಹಿಂದಿನ ಸಾಲಿನ ಕುರ್ಚಿಯಲ್ಲಿ ತಂಗರಾಜನ ಹೆಂಡತಿ ಕಾಳಿಯಮ್ಮಾಳ್ ಕೂತಿದ್ದಳು. ಕಂಬಂನಿಂದ ಮೊದಲ ಬಸ್ಸಿಗೇ ಬಂದವಳು; ಗಂಡನನ್ನು ಹುಡುಕಿಕೊಡೆಂದು ನಂಟರ ಪೈಕಿಯ ಮುತ್ತುಸೆಲ್ವಿಯನ್ನು ಕೇಳಿಕೊಂಡದ್ದು ಅವಳೇ. ಚಿನ್ನಾಳಪಟ್ಟಿ ಸೀರೆಯ ಸೆರಗಿನಲ್ಲಿ ಗಂಡನ ಮಾತ್ರೆಗಳ ಪೊಟ್ಟಣವನ್ನು ಹಿಡಿದುಕೊಂಡಿದ್ದಳು.

"ಕಣ್ಣು, ಏನಾರ ಗೊತ್ತಾತಾ?"

"ಗೊತ್ತಾಗ್ತಾ ಇದೆ ಅತ್ತೆ."

"ಎದೆ ಆಪರೇಷನ್ ಆದ ಮನ್ಸ. ಮಾತ್ರೆ ಒಂದು ವೇಳೆನೂ ಬಿಡಬಾರ್ದು ಅಂದವ್ರೆ ಡಾಕ್ಟ್ರು. ಬುಧವಾರದಿಂದ ತಿಂದಿಲ್ಲ." ಅವಳ ದನಿ ಏರಲಿಲ್ಲ. "ಪೋಲೀಸ್ನೋರು, ಎಲ್ಲೋ ಕೋಪ ಮಾಡ್ಕೊಂಡು ಹೋಗಿರ್ತಾರೆ ಅಂತಾರೆ. ಹಾಡ್ತಿರೋ ಪಾಟು ನಡುವೆ ಬಿಟ್ಟು ಹೋಗೋ ಜಾತಿನಾ ಅವ್ರು?"

ಮುತ್ತುಸೆಲ್ವಿಗೂ ಕಾಡಿದ್ದು ಅದೇ. ದಿಂಡಿಗಲ್ಲಿನ ಬೀಗದಂಗಡಿಯೊಂದರ ಮಹಡಿಯಲ್ಲಿ ಪತ್ತೇದಾರಿ ಕಚೇರಿ ಇಟ್ಟುಕೊಂಡ ಮೇಲೆ ಅವಳು ಓಡಿಹೋದ ಗಂಡಂದಿರನ್ನು ಹುಡುಕಿದ್ದಳು, ನೂಲಿನ ಮಿಲ್ಲಿನ ಕಳ್ಳತನ ಪತ್ತೆಹಚ್ಚಿದ್ದಳು. ಹಾಡಿನೊಳಗೆ ಇಳಿದು ಹುಡುಕಿದ್ದು ಇದೇ ಮೊದಲು.

ಎರಡು ದಿನದಿಂದ ಅವಳು ಎರಡೂ ಬ್ಯಾಂಡಿನ ಹಳೆಯ ಕಛೇರಿಗಳ ಮುದ್ರಣ ಕೇಳುತ್ತಿದ್ದಳು. ಶುರುವಿನಲ್ಲಿ ಎಲ್ಲವೂ ಒಂದೇ ಗದ್ದಲ. ಆಮೇಲೆ ನಿಧಾನವಾಗಿ ಗದ್ದಲದೊಳಗಿಂದ ಇಬ್ಬರು ಮನುಷ್ಯರು ಹೊರಬಂದರು.

ಗ್ರಾನೈಟ್ ಹಿಲ್‌ನ ಟೂರಿಂಗ್ ಕೀಬೋರ್ಡ್ ವಾದಕ ಜೆಯಕುಮಾರ್. ವೇದಸಂದೂರಿನವನು, ಸ್ಪಿನ್ನಿಂಗ್ ಮಿಲ್ಲಿನ ಸದ್ದು ಕೇಳುತ್ತ ಬೆಳೆದವನು. ಅವನ ಬೆರಳು ತಾಳಕ್ಕಿಂತ ಕೂದಲೆಳೆಯಷ್ಟು ಮುಂದೆ. ಖಾಲಿ ಜಾಗ ಕಂಡರೆ ತುಂಬುತ್ತಾನೆ. ಹತ್ತೂ ಬೆರಳು ಬಿದ್ದಾಗ ಇಡೀ ಬ್ಯಾಂಡು ಗಾಳಿ ಹಿಡಿದ ಪಟದಂತೆ ಏಳುತ್ತದೆ.

ತಂಗರಾಜ್ ತದ್ವಿರುದ್ಧ. ಅವನ ಕೈ ಚಿಕ್ಕದು. ದೂರದೂರದ ಕೀಗಳನ್ನು ಒಟ್ಟಿಗೆ ಹಿಡಿಯಲಾರ. ಒಂದಾದ ಮೇಲೊಂದು ಉರುಳಿಸುತ್ತಾನೆ. ಗಾಯಕ ಉಸಿರು ತೆಗೆದುಕೊಳ್ಳುವ ಮುಂಚೆ ಇವನು ಕೈ ಎತ್ತಿರುತ್ತಾನೆ. ಇದ್ದಾನೆ ಅಂತಲೇ ಗೊತ್ತಾಗುವುದಿಲ್ಲ. ಅವನ ಕೀಬೋರ್ಡಿನ ದನಿಯನ್ನು ಲೋಗೇಶ್ ಒಮ್ಮೆ ಅಳಿಸಿ ಕೇಳಿಸಿದಾಗ ಮಾತ್ರ ಮುತ್ತುಸೆಲ್ವಿ ಬೆಚ್ಚಿದ್ದಳು. ಹಾಡಿನ ಕೆಳಗಿನ ನೆಲವೇ ಸರಿದುಹೋಗಿತ್ತು.

ಇನ್ನೂ ದೊಡ್ಡ ಬೆರಗು ಸಿಕ್ಕಿದ್ದು ನಿನ್ನೆ ಸಂಜೆ.

ಯೆಲ್ಲೋ ಲಾರಿಯ ಗಾಯಕ ವಸಂತಕುಮಾರ್‌ಗೆ ಈಚಿನ ವರ್ಷಗಳಲ್ಲಿ ಮರೆವು. ವೇದಿಕೆಯ ಮೇಲೆ ಸಾಲು ಕೈಕೊಡುತ್ತದೆ. ಅಂಥ ಪ್ರತಿಯೊಂದು ಗಳಿಗೆಯಲ್ಲೂ ತಂಗರಾಜ್ ಮುಂದಿನ ಸಾಲಿನ ಧಾಟಿಯನ್ನು ಒಂದೇ ಬೆರಳಲ್ಲಿ, ಪಿಸುಮಾತಿನಷ್ಟು ಮೆಲ್ಲಗೆ ನುಡಿಸುತ್ತಿದ್ದ. ಸ್ವರ ಕೇಳಿದೊಡನೆ ಮಾತು ಗಾಯಕನ ಬಾಯಿಗೆ ಬರುತ್ತಿತ್ತು. ಊರೂರಲ್ಲಿ, ವರ್ಷ ವರ್ಷ. ಗೆಳೆಯನ ನೆನಪನ್ನು ಒಬ್ಬ ಮನುಷ್ಯ ಕತ್ತಲಲ್ಲಿ ಕೂತು ಬೆರಳ ತುದಿಯಲ್ಲಿ ಹೊತ್ತಿದ್ದ. ಕೇಳುಗರಿಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಅದನ್ನು ಅರಿತ ಕ್ಷಣ ಮುತ್ತುಸೆಲ್ವಿ ಹೆಡ್‌ಫೋನ್ ತೆಗೆದಿಟ್ಟಿದ್ದಳು.

ಈಗ ವೇದಿಕೆಯ ಮೇಲೆ ಯಾರೋ ನಡೆದ ಸದ್ದು. ಜೆಯಕುಮಾರ್ ಬಂದಿದ್ದ. ಯಾರ ಕಡೆಯೂ ನೋಡದೆ ನೇರ ಮೂಲೆಗೆ ಹೋಗಿ ತಂಗರಾಜನ ಕೀಬೋರ್ಡಿನ ಮುಂದೆ ಕೂತ. ಸಂಜೆ ಎರಡೂ ಬ್ಯಾಂಡಿಗೆ ಅವನೇ ನುಡಿಸುವವನು.

ಮುತ್ತುಸೆಲ್ವಿ ಮೆಟ್ಟಿಲು ಹತ್ತಿದಳು.

"ಜೆಯಕುಮಾರಣ್ಣಾ, ಬುಧವಾರ 'ಕಡೈಸಿ ಬಸ್' ಪಾಟು ಬಾರ್ಸಿದ್ದು ಯಾರು?"

"ತಂಗರಾಜಣ್ಣ ತಾನೇ. ಇದೇನು ಕೇಳ್ವಿ?"

"ಪೂರ್ತಿನಾ?"

ಅವನ ಬೆರಳು ಕೀಗಳ ಮೇಲೆ ನಿಂತಿತು. "ಪೂರ್ತಿ ಅಲ್ದೆ ಅರ್ಧನಾ?"

"ಲೋಗೇಶ್, ಹಾಕು."

ಸಭಾಂಗಣದ ಸ್ಪೀಕರಿನಲ್ಲಿ ವಸಂತಕುಮಾರ್‌ನ ಒರಟು ದನಿ ಎದ್ದಿತು. ಕೊನೆಯ ಬಸ್ಸಿಗೆ ಕಾದು ನಿಂತವರ ಹಾಡು ಅದು. ಎರಡನೆಯ ಚರಣದಲ್ಲಿ ದನಿ ತಡವರಿಸಿತು. ಆಗ ಅದರಡಿ ಒಂಟಿ ಬೆರಳಿನ ಮೆಲುಸ್ವರ. ಗಾಯಕ ಸಾಲನ್ನು ಹಿಡಿದ.

"ಇದು ತಂಗರಾಜ್ ಮಾವ," ಎಂದಳು ಮುತ್ತುಸೆಲ್ವಿ. "ಇನ್ನೂ ಸ್ವಲ್ಪ ಮುಂದೆ ಕೇಳಿ."

ಮೂರನೆಯ ಚರಣ. ಮತ್ತೆ ಮರೆವು. ಈ ಸಲ ಪಿಸುಸ್ವರ ಬರಲಿಲ್ಲ. ಕೀಬೋರ್ಡು ಒಮ್ಮೆಲೇ ಭೋರ್ಗರೆದು ಮೇಲಕ್ಕೇರಿತು, ಸುತ್ತಿತು, ಕುಣಿಯಿತು. ಜನ ಕೂಗಿದ ಸದ್ದು ಗಾಯಕನ ಮೈಕಿನಲ್ಲೂ ಕೇಳಿತು. ಅಷ್ಟರಲ್ಲಿ ವಸಂತಕುಮಾರ್‌ಗೆ ಸಾಲು ನೆನಪಾಗಿತ್ತು.

"ಜೋಶ್ ಬಂದಿರ್ತದೆ," ಎಂದ ಜೆಯಕುಮಾರ್.

"ಮೂವತ್ತು ವರ್ಷ ಬಾರದ ಜೋಶ್?" ಅವಳು ಲೋಗೇಶನ ಕಡೆ ತಿರುಗಿದಳು. "ಕೊಯಮತ್ತೂರಿನ ಹಳೇ ಕಛೇರಿ ಹಾಕು."

ಇನ್ನೊಂದು ಹಾಡು, ಇನ್ನೊಬ್ಬ ಗಾಯಕ. ಗ್ರಾನೈಟ್ ಹಿಲ್‌ನ ಮುದಿ ಗಾಯಕನಿಗೆ ಕೆಮ್ಮು ಬಂದು ದನಿ ಒಡೆಯಿತು. ತಕ್ಷಣ ಕೀಬೋರ್ಡು ಭೋರ್ಗರೆದು ಮೇಲಕ್ಕೇರಿತು, ಸುತ್ತಿತು. ಅದೇ ಏರು. ಅದೇ ತಿರುವು.

"ಅವ್ರು ಗಾಯಕನಿಗೆ ದಾರಿ ತೋರ್ಸ್ತಾರೆ. ನೀವು ಗಾಯಕನ ಮುಂದೆ ಪರದೆ ಎಳೀತೀರಿ. ಇಬ್ರೂ ಕಾಪಾಡೋದೇ, ದಾರಿ ಬೇರೆ. ಮೂರನೇ ಚರಣದಲ್ಲಿ ಆ ಸ್ಟೂಲಿನ ಮೇಲೆ ಇದ್ದದ್ದು ನೀವು."

ಜೆಯಕುಮಾರ್ ತನ್ನ ಕೈಗಳನ್ನು ತಿರುಗಿಸಿ ನೋಡಿದ.

"ಕಳ್ಳನ ಕಾಲ್ಗುರುತು ಹಿಡಿಯಾದು ಕೇಳಿದೀನಿ," ಎಂದ. "ಬಾರ್ಸೋ ಕೈಗೂ ಗುರುತು ಇರ್ತದಾ ತಂಗಚ್ಚಿ?"

"ಪೋಲೀಸ್ ಕೇಳಿದಾಗ ಯಾಕೆ ಹೇಳಲಿಲ್ಲ?"

ಅವನು ಕೀಬೋರ್ಡಿನ ಒಂದು ಗುಂಡಿಯನ್ನು ತಿರುಗಿಸಿದ.

"ಸಂಜೆ ಎರಡೂ ಬ್ಯಾಂಡಿಗೂ ನೀವೇ. ನಾಳೆ ಮಧುರೈಗೂ ನೀವೇ. ತಂಗರಾಜ್ ಮಾವ ಬಾರದಿದ್ರೆ ಈ ಜಾಗ ಪೂರ್ತಿ ನಿಮ್ದು. ಜನ ಏನು ಅಂದ್ಕೋತಾರೆ ಹೇಳಿ?"

ಜೆಯಕುಮಾರ್ ಥಟ್ಟನೆ ಎದ್ದ. ಸ್ಟೂಲು ಹಿಂದಕ್ಕೆ ಜಾರಿತು.

"ಜಾಗವಾ? ನಾನು ಅವ್ರ ಜಾಗ ಕಿತ್ಕೊಳ್ಳಾದಾ?" ಅವನು ಸ್ಪೀಕರ್ ಪೆಟ್ಟಿಗೆಗಳ ಕಡೆ ಕೈ ತೋರಿಸಿದ. "ರಿಹರ್ಸಲ್‌ನಲ್ಲೂ ಬುಧವಾರಾನೂ, ನಮ್ ಬ್ಯಾಂಡಿನ ಸರದಿ ಇಲ್ದಾಗೆಲ್ಲಾ ನಾನು ಎಲ್ಲಿ ನಿಂತಿರ್ತಿದ್ದೆ ಗೊತ್ತಾ? ಆ ಪೆಟ್ಟಿಗೆ ಹಿಂದೆ. ಅವ್ರ ಕೈ ನೋಡ್ಕೊಂಡು. ನಾನು ನೂರು ಸ್ವರದಲ್ಲಿ ಹೇಳಾದನ್ನ ಅವ್ರು ಎರಡ್ರಲ್ಲಿ ಹೇಳಿ ಸುಮ್ನಾಗ್ತಾರೆ. ಅದನ್ನ ಕಲಿಯಕ್ಕೆ ಈ ಜನ್ಮ ಸಾಲ್ದು."

"ಹಾಗಾದ್ರೆ ಬುಧವಾರ ಏನಾಯ್ತು?"

ಅವನು ಹಿಂದಿನ ಸಾಲಿನ ಕಾಳಿಯಮ್ಮಾಳನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳತೊಡಗಿದ.

"ಎರಡನೇ ಚರಣ ಮುಗೀತು. ತಂಗರಾಜಣ್ಣ ಕಣ್ಣಲ್ಲೇ ನನ್ನ ಕರೆದ್ರು. ಕೈ ನಿಲ್ಸ್ಲಿಲ್ಲ. ಸ್ಟೂಲಿನ ಮೇಲೆ ಒಂದು ಪಕ್ಕಕ್ಕೆ ಸರಿದು ಅರ್ಧ ಜಾಗ ಬಿಟ್ರು. ಕೂತೆ. 'ಎಡಗೈ ಮೊದ್ಲು' ಅಂದ್ರು ಕಿವೀಲಿ. ನಾನು ಅವ್ರ ಕೈ ಮೇಲೆ ಕೈ ಇಟ್ಟೆ. ಅವ್ರು ಒಂದು ಬೆರಳು ತೆಗೆದ್ರು, ನಾನು ಆ ಕೀ ಮೇಲೆ ಒಂದು ಇಟ್ಟೆ. ಇನ್ನೊಂದು ತೆಗೆದ್ರು, ಇಟ್ಟೆ. ಆಮೇಲೆ ಬಲಗೈ. ದನಿ ಒಂದು ಎಳೆನೂ ಕಡೀಲಿಲ್ಲ. ಮುಂದೆ ಹಾಡ್ತಿದ್ದ ವಸಂತಣ್ಣ ತಿರುಗಿನೂ ನೋಡ್ಲಿಲ್ಲ. ಅಷ್ಟು ಜನ ಮುಂದೆ, ಹರಿಯೋ ನೀರನ್ನ ಬೊಗಸೆಯಿಂದ ಬೊಗಸೆಗೆ ಸುರಿದಂಗೆ… ನನ್ ಮೈಯೆಲ್ಲಾ ಜುಮ್ಮಂತು."

ಲೋಗೇಶ್ ಬಾಯಿ ತೆರೆದುಕೊಂಡು ಕೂತಿದ್ದ. ಮುತ್ತುಸೆಲ್ವಿಯ ಮೈಯಲ್ಲೂ ಅದೇ ಜುಮ್ಮು. ಅವಳು ಅದನ್ನು ತೋರಿಸಿಕೊಳ್ಳಲಿಲ್ಲ.

"ಏನಾದ್ರೂ ಹೇಳಿದ್ರಾ?"

"'ಬಂದ್ಬುಡ್ತೀನಿ. ಯಾರ್ಗೂ ಹೇಳ್ಬ್ಯಾಡ' ಅಂದ್ರು. ಅಷ್ಟೇ. ಕಣ್ಣು ಜನದ ಕಡೆ ಇತ್ತು. ಹೆದ್ರಿದ ಕಣ್ಣಲ್ಲ. ದೇವ್ರನ್ನ ಕಂಡೋನ ಕಣ್ಣು." ಅವನು ಮುಖ ಒರೆಸಿಕೊಂಡ. "ಮಾತು ಕೊಟ್ಟಿದ್ದೆ. ಇವತ್ತು ಬತ್ತಾರೆ, ನಾಳೆ ಬತ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ. ಅವ್ರಿಗೆ ಮಾತ್ರೆ ಬೇಕು ಅಂತ ಸತ್ಯಮಾ ನಂಗೆ ಗೊತ್ತಿರ್ಲಿಲ್ಲ."

"ಸರಿ. ಅಲ್ಲಿಂದ ಹಾಡು ಮುಗಿಯೋವರೆಗೂ ನೀವೇ ಬಾರ್ಸಿದ್ರಿ."

"ಇಲ್ಲೆ."

ಮುತ್ತುಸೆಲ್ವಿ ತಲೆ ಎತ್ತಿದಳು.

"ಕಡೇ ಚರಣ ನಾನಲ್ಲ. ಅದಕ್ ಮುಂಚೆ ಹೆಗಲ ಮೇಲೆ ಒಂದು ಕೈ ಬಿತ್ತು. ತಂಗರಾಜಣ್ಣ ವಾಪಸ್ ಬಂದ್ರು ಅಂದ್ಕೊಂಡೆ. ಅದೇ ತರ ಅರ್ಧ ಜಾಗ ಬಿಟ್ಟೆ, ಅದೇ ತರ ಒಂದೊಂದೇ ಬೆರಳು ತೆಗೆದೆ. ಮುಂದಿನ ಸರದಿ ನಮ್ ಬ್ಯಾಂಡ್ದು, ವೇದಿಕೆ ಆ ಕಡೆಗೆ ಓಡ್ದೆ."

"ಮುಖ?"

"ಕತ್ತಲು. ಬಾರ್ಸೋವಾಗ ನಾವು ಮುಖ ಎಲ್ಲಿ ನೋಡ್ತೀವಿ? ಕೈ ನೋಡ್ತೀವಿ." ಅವನು ತಡೆದ. "ಕೈ… ದೊಡ್ಡದಿತ್ತು ಅನ್ಸ್ತದೆ. ಆಗ ಅದು ತಲೆಗೆ ಹೋಗ್ಲಿಲ್ಲ, ಅವ್ರೇ ಮತ್ತೆ ಎದ್ದು ಹೋದ್ರು ಅಂದ್ಕೊಂಡೆ."

ಮುತ್ತುಸೆಲ್ವಿ ಆ ಚರಣವನ್ನು ಇಷ್ಟು ದಿನ ಸರಿಯಾಗಿ ಕೇಳಿರಲೇ ಇಲ್ಲ. ಕೈ ಬದಲಾದ ಜಾಗ ಸಿಕ್ಕ ಮೇಲೆ ಅವಳ ಗಮನವೆಲ್ಲ ಅಲ್ಲೇ ನಿಂತಿತ್ತು.

"ಲೋಗೇಶ್, ಕಡೇ ಚರಣ. ಕೀಬೋರ್ಡ್ ಮಾತ್ರ. ದೊಡ್ಡದಾಗಿ ಹಾಕು."

ಹಾಡಿನ ಧಾಟಿ ಅದೇ. ಆದರೆ ಕೆಳಗೆ ಎಡಗೈ ಬೇರೇನೋ ಮಾಡುತ್ತಿತ್ತು. ಅಗಲವಾದ, ಆಳವಾದ ಸ್ವರಗಳು, ಗುಡ್ಡದ ಮೇಲಿಂದ ಇಡೀ ಕಣಿವೆ ಒಮ್ಮೆಗೇ ಕಂಡಂತೆ. ಕೊನೆಯಲ್ಲಿ ಬಲಗೈ ಹಾಡಿನಲ್ಲಿ ಎಲ್ಲೂ ಇಲ್ಲದ ಒಂದು ಹೊಸ ಧಾಟಿಯನ್ನು ಹಿಡಿದು ಮೇಲಕ್ಕೆ ಹೋಯಿತು. ಆತುರವಿಲ್ಲ, ಆಡಂಬರವಿಲ್ಲ.

ಲೋಗೇಶ್ ಪರದೆಗೆ ಮುಖ ಹತ್ತಿರ ತಂದ. "ಅಕ್ಕಾ, ಇಂಗೆ ಪಾರುಂಗ, ಇಲ್ಲಿ ನೋಡಿ. ಎಡಗೈ ಮೂರು ಸ್ವರ. ಮೂರೂ ಒಂದೇ ಕ್ಷಣಕ್ಕೆ ಬಿದ್ದಿದೆ. ಉರುಳ್ಸಿಲ್ಲ."

ಜೆಯಕುಮಾರ್ ಕೀಬೋರ್ಡಿನ ಮೇಲೆ ಎಡಗೈ ಚಾಚಿದ. ಕಿರುಬೆರಳು ಆ ಮೂರು ಸ್ವರಗಳ ಒಂದು ತುದಿಯ ಕೀ ಮೇಲೆ. ಹೆಬ್ಬೆರಳು ಇನ್ನೊಂದು ತುದಿಯನ್ನು ಮುಟ್ಟಲಿಲ್ಲ. ಎಳೆದ. ಬೆರಳಿನ ಸಂದು ಬಿಳಿಚಿಕೊಂಡಿತೇ ಹೊರತು ಎಟುಕಲಿಲ್ಲ.

"ನಂಗೇ ಆಗ್ತಿಲ್ಲೆ," ಎಂದ. "ತಂಗರಾಜಣ್ಣನ ಕೈ ನನಗಿಂತ ಚಿಕ್ಕದು."

ಮೂರನೆಯವನೊಬ್ಬ. ತುಂಬಿದ ಮೈದಾನದಲ್ಲಿ ಬಂದು, ಕೂತು, ನುಡಿಸಿ, ಎದ್ದು ಹೋದ ಮೂರನೆಯ ಮನುಷ್ಯ.

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಕಾಳಿಯಮ್ಮಾಳ್ ಎದ್ದಿದ್ದಳು. ಕುರ್ಚಿಗಳ ನಡುವೆ ನಿಧಾನವಾಗಿ ನಡೆದು ಬಂದು ವೇದಿಕೆಯ ಬದಿಯ ದೊಡ್ಡ ಸ್ಪೀಕರಿನ ಮುಂದೆ ನಿಂತಳು. ಅದರ ಮೇಲೆ ಅಂಗೈ ಇಟ್ಟಳು.

"ಇನ್ನೊಂದ್ ಸಲ ಹಾಕು ತಂಬಿ."

ಲೋಗೇಶ್ ಹಾಕಿದ. ಹೊಸ ಧಾಟಿ ಮತ್ತೆ ಮೇಲಕ್ಕೆ ಹೋಯಿತು. ಅವಳ ತುಟಿ ಸ್ವರದ ಜೊತೆಜೊತೆಗೇ ಅಲುಗಿತು. ಅವಳಿಗೆ ಆ ಧಾಟಿ ಬರುತ್ತಿತ್ತು.

"ಅಣ್ಣಾ," ಎಂದಳು.

ಮುತ್ತುಸೆಲ್ವಿಗೆ ತಕ್ಷಣ ಹೊಳೆಯಿತು. ಕಾಳಿಯಮ್ಮಾಳಿನ ಅಣ್ಣ ಪಿಚ್ಚೈ. ಯೆಲ್ಲೋ ಲಾರಿಯ ಮೊದಲ ಕೀಬೋರ್ಡ್ ವಾದಕ. ಒಡ್ಡನ್‌ಛತ್ರಂನ ತರಕಾರಿ ಲಾರಿಗಳ ಮೇಲೆ ವಾದ್ಯ ಹೇರಿಕೊಂಡು ಗೆಳೆಯರು ಊರೂರು ತಿರುಗಿದ ಕಾಲದಲ್ಲಿ ಬ್ಯಾಂಡಿನ ಉಸಿರೇ ಅವನು. ಮೂವತ್ತು ವರ್ಷದ ಹಿಂದೆ ಬೋಡಿಮೆಟ್ಟಿನ ಘಾಟಿಯಲ್ಲಿ ಜೀಪು ಉರುಳಿ ತೀರಿಕೊಂಡ. ಅವನ ಶಿಷ್ಯನಂತಿದ್ದ ತಂಗರಾಜ್ ಒಂದು ಪ್ರವಾಸದ ಮಟ್ಟಿಗೆಂದು ಬಂದು ಆ ಸ್ಟೂಲಿನ ಮೇಲೆ ಕೂತ. ಆಮೇಲೆ ಕಾಳಿಯಮ್ಮಾಳನ್ನು ಮದುವೆಯಾದ. ಪಿಚ್ಚೈ ಇದ್ದ ಜಾಗದಲ್ಲಿ ಬೇರೆ ಹೆಸರು ಬರೆಯಲು ಯಾರಿಗೂ ಮನಸ್ಸಾಗದೆ ತಂಗರಾಜ್ ಇಷ್ಟು ವರ್ಷವೂ ಟೂರಿಂಗ್ ವಾದಕನಾಗಿಯೇ ಉಳಿದಿದ್ದ.

"ಅತ್ತೆ, ಈ ಧಾಟಿ ನಿಮಗೆ ಹೇಗೆ ಗೊತ್ತು?"

"ಮನೇಲಿ ಹಾರ್ಮೋನಿಯಂ ಇಟ್ಕೊಂಡು ಕಟ್ತಿದ್ದ. ನಾನು ಅಡ್ಗೆ ಮಾಡ್ತಾ ಕೇಳ್ತಿದ್ದೆ. ಆ ಪಾಟಿಗೆ ಹೊಸ ಮುಕ್ತಾಯ ಅಂದಿದ್ದ."

"ಅದನ್ನ ಯಾವ ಕಛೇರೀಲೂ ಬಾರ್ಸ್ಲಿಲ್ಲ."

ಈ ಮಾತು ಬಾಗಿಲ ಕಡೆಯಿಂದ ಬಂತು. ಎಲ್ಲರೂ ತಿರುಗಿದರು. ರಿಹರ್ಸಲ್‌ಗೆ ಬಂದಿದ್ದ ವಸಂತಕುಮಾರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಬಿಳಿಗೂದಲನ್ನು ಹಿಂದಕ್ಕೆ ಕಟ್ಟಿದ ಎತ್ತರದ ಮನುಷ್ಯ ಒಮ್ಮೆಲೇ ಮುದುಕನಂತೆ ಕಂಡ.

"ನಂಗೆ ಒಂದೇ ಸಲ ಕೇಳ್ಸಿದ್ದ," ಎಂದ. "ಮಾರನೇ ದಿನ ಘಾಟಿ ಹತ್ತಿ ಹೋದ. ನಂಗೆ ಏನೇನೋ ಮರೆತೋಗ್ತದಮ್ಮಾ. ಮೊಮ್ಮಗಳ ಹೆಸ್ರು ಮರೆತೋಗ್ತದೆ. ಆ ದೊಡ್ಡ ಕೈ ಮರೆಯಲ್ಲ. ಬುಧವಾರ ಹಾಡ್ತಾ ಇದ್ದಾಗ ಬೆನ್ನಿಂದೆ ಆ ಸ್ವರ ಬಂತು. ನನ್ ತಲೆ ಕೆಟ್ಟೋಯ್ತು, ಹಳೇದೆಲ್ಲಾ ಕೇಳ್ಸ್ತಾ ಇದೆ ಅಂದ್ಕೊಂಡು ಯಾರ್ಗೂ ಹೇಳ್ಲಿಲ್ಲ." ಅವನ ಕಣ್ಣು ತುಂಬಿತ್ತು. ಆದರೂ ಮುಖದಲ್ಲಿ ಎಳೆಯ ಮಗುವಿನ ಬೆರಗು. "ನಿಜಮಾ? ನಿಮ್ಗೂ ಕೇಳ್ತಾ ಇದೆಯಾ?"

"ಕೇಳ್ತಾ ಇದೆ ವಸಂತಣ್ಣಾ," ಎಂದ ಜೆಯಕುಮಾರ್. "ನನ್ ಹೆಗಲ ಮೇಲೆ ಕೈ ಇಟ್ಟವ್ನು ಅವನೇ."

ಮುತ್ತುಸೆಲ್ವಿ ವೇದಿಕೆಯಿಂದ ಇಳಿದು ವಸಂತಕುಮಾರ್‌ನ ಹತ್ತಿರ ಹೋದಳು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು.

"ಅಣ್ಣಾ, ಘಾಟಿಯಿಂದ ತಂದ ದೇಹ. ಅದರ ಮುಖ ನೀವು ನೋಡಿದ್ರಾ?"

"ಇಲ್ಲಮ್ಮಾ." ಅವನು ತಲೆಯಾಡಿಸಿದ. "ನೋಡೋ ಹಾಗಿಲ್ಲ ಅಂದ್ರು. ನಂಗೆ ಧೈರ್ಯ ಬರ್ಲಿಲ್ಲ. ನಾವೆಲ್ಲಾ ಆಸ್ಪತ್ರೆ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ವಿ. ಒಳಗೆ ಹೋಗಿ ನೋಡಿದ್ದು ಒಬ್ನೇ. ಹೊರಗೆ ಬಂದು, ಪಿಚ್ಚೈನೇ ಅಂದ. ಅಷ್ಟು ಅಳ್ತಿದ್ದ. ಯಾರು ಮತ್ತೆ ಕೇಳ್ತಾರೆ?"

"ಯಾರು ಆ ಒಬ್ಬ?"

ವಸಂತಕುಮಾರ್ ಬಾಯಿ ತೆರೆದ. ಹೆಸರು ಮರೆತಿರಲಿಲ್ಲ. ಅವನ ನೋಟ ಮುತ್ತುಸೆಲ್ವಿಯನ್ನು ದಾಟಿ ಸ್ಪೀಕರಿನ ಕಡೆಗೆ ಹೋಯಿತು.

ಕಾಳಿಯಮ್ಮಾಳ್ ಅದರ ಮೇಲಿಂದ ಕೈ ತೆಗೆಯದೆಯೇ ಉತ್ತರ ಕೊಟ್ಟಳು.

"ನಮ್ಮನೇವ್ರು."